ಹೊಗೆಯ ಲೆಕ್ಕ ಯಾರ ಖಾತೆಯಲ್ಲಿ?

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಈ ಗಾದೆ ಲೋಕದಲ್ಲೆಲ್ಲ ತಲೆಕೆಳಗಾಗಿ ನಡೆಯುತ್ತ ಬಂದಿದೆ. ಚಿಮಿಣಿಯಿಂದ ಹೊಗೆ ಬಿಡುವವನು ಒಬ್ಬ, ಕೆಮ್ಮುವವನು ಇನ್ನೊಬ್ಬ. ಹೊಳೆಗೆ ವಿಷದ ನೀರು ಹರಿಸುವವನು ಒಬ್ಬ, ಬಾವಿ ಕೆಟ್ಟು ಕೊಡ ಹಿಡಿದು ದೂರದ ನೀರಿಗೆ ನಡೆಯುವವಳು ಇನ್ನೊಬ್ಬಳು. ಮಾಡುವುದು ಒಂದು ಮನೆ, ಉಣ್ಣುವುದು ಮತ್ತೊಂದು ಮನೆ.

ಇದು ಹೀಗೇಕೆ, ಇದನ್ನು ಸರಿಪಡಿಸುವ ದಾರಿ ಯಾವುದು ಎಂದು ವಿಚಾರಿಸುವ ಶಾಸ್ತ್ರಕ್ಕೆ ಪರಿಸರ ಅರ್ಥಶಾಸ್ತ್ರ ಎಂದು ಹೆಸರು. ಹೆಸರು ಕೇಳಿ ಓದುಗರು ಪುಟ ಮಗುಚಬೇಕಾಗಿಲ್ಲ. ಇದು ಬಜೆಟ್ಟಿನ ಅಂಕಿಅಂಶಗಳ ಜಂಜಾಟವಲ್ಲ. ನೆರೆಕರೆಯ ನ್ಯಾಯವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವ ಪ್ರಯತ್ನ, ಅಷ್ಟೇ. ಗೇರು ಗುಡ್ಡೆಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ವಿಷದ ಮಳೆ ಕಂಡ ನಮ್ಮ ಜಿಲ್ಲೆಯ ಜನರಿಗಿಂತ ಹೆಚ್ಚಾಗಿ ಇದನ್ನು ತಿಳಿಯಬೇಕಾದವರು ಯಾರಿದ್ದಾರೆ? ಮಾಲಿನ್ಯ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ತಡೆಯುವ ನಿಯಮವನ್ನು ಹೇಗೆ ಹೆಣೆಯಬೇಕು ಎಂಬಲ್ಲಿಯೇ ಗೆಲುವು ಸೋಲುಗಳಿವೆ ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಕಟ್ಟದ ನ್ಯಾಯ

ಮಳೆಗಾಲ ಕಳೆದು ತೋಡಿನ ನೀರು ಇಳಿಯತೊಡಗಿದಾಗ ನಮ್ಮ ಕಡೆಯ ಕೃಷಿಕರು ಸೇರಿ ಕಟ್ಟ ಕಟ್ಟುವ ಪದ್ಧತಿ ಹಳೆಯದು. ಕಟ್ಟದಲ್ಲಿ ನಿಂತ ನೀರಿನಿಂದ ಒಬ್ಬನ ತೋಟ ಮಾತ್ರ ತಂಪಾಗುವುದಿಲ್ಲ, ಸುತ್ತಲಿನ ಬಾವಿಗಳಲ್ಲಿಯೂ ನೀರು ಏರುತ್ತದೆ. ಪ್ರಯೋಜನ ಎಲ್ಲರದಾದ್ದರಿಂದ ಆಳು, ಮಣ್ಣು, ಖರ್ಚು ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಮೇಲಿನ ತೋಟದವರು ತೋಡಿಗೆ ಕೊಳಕು ಬಿಟ್ಟರೆ ಕೆಳಗಿನ ತೋಟದವರು ಅಂಗಳಕ್ಕೆ ಬಂದು ಕೇಳಬಲ್ಲರು. ಹತ್ತು ಮನೆ, ಒಂದು ತೋಡು, ಒಬ್ಬರ ಮುಖ ಒಬ್ಬರಿಗೆ ಪರಿಚಯ. ಅಲ್ಲಿ ಕಾನೂನಿಗಿಂತ ಮೊದಲು ಮಾತುಕತೆ ನಡೆಯುತ್ತದೆ.

ಇಂತಹ ಸಂದರ್ಭಗಳಲ್ಲಿ ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಕೂತು ಮಾತಾಡುವ ಖರ್ಚು ಕಡಿಮೆಯಿದ್ದರೆ ಸರಕಾರದ ನೆರವಿಲ್ಲದೆಯೂ ತಗಾದೆ ಬಗೆಹರಿದೀತು ಎಂದು 1960ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಆದರೆ ಹತ್ತು ಮನೆಯ ತೋಡಿಗೆ ಸಲ್ಲುವ ಮಾತು ಹತ್ತು ಸಾವಿರ ಮನೆಗಳ ಗಾಳಿಗೆ ಸಲ್ಲುವುದಿಲ್ಲ. ನೂರಾರು ಚಿಮಿಣಿಗಳ ಹೊಗೆ ಒಂದಾಗಿ ಬೆರೆತ ಮೇಲೆ ಯಾರ ಹೊಗೆಯಿಂದ ಯಾರ ಮಗುವಿಗೆ ಉಬ್ಬಸ ಬಂತೆಂದು ಹೇಳುವವರು ಯಾರು? ಯಾರ ಅಂಗಳಕ್ಕೆ ಹೋಗಿ ಕೇಳುವುದು?

ಕೇಂಬ್ರಿಜ್ಜಿನ ಪ್ರಾಧ್ಯಾಪಕ ಆರ್ಥರ್ ಪಿಗೂ 1920ರಲ್ಲಿಯೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಬಟ್ಟೆಯ ಗಿರಣಿಯೊಂದರ ಲೆಕ್ಕದ ಪುಸ್ತಕ ತೆರೆದು ನೋಡಿ. ನೂಲಿನ ಖರ್ಚು, ಕಲ್ಲಿದ್ದಲಿನ ಖರ್ಚು, ಕೂಲಿ, ಬಡ್ಡಿ, ಸಾಗಾಟ ಎಲ್ಲವೂ ಇರುತ್ತವೆ. ಪಕ್ಕದ ಕೇರಿಯವರು ಕೆಮ್ಮಿಗೆ ಕೊಂಡ ಔಷಧದ ಖರ್ಚು ಮಾತ್ರ ಇರುವುದಿಲ್ಲ. ಅದು ಖರ್ಚಲ್ಲವೆಂದಲ್ಲ, ಬೇರೆ ಮನೆಯ ಪುಸ್ತಕದಲ್ಲಿದೆ ಎಂದಷ್ಟೇ. ಆ ಖರ್ಚು ಸೇರದ ಕಾರಣ ಬಟ್ಟೆ ಅಗ್ಗವಾಗಿ ಕಾಣುತ್ತದೆ. ಅಗ್ಗವಾದ್ದರಿಂದ ಹೆಚ್ಚು ಮಾರಾಟವಾಗುತ್ತದೆ. ಹೆಚ್ಚು ಮಾರಿದಷ್ಟೂ ಹೊಗೆ ಹೆಚ್ಚುತ್ತದೆ. ಹೊಗೆಯಿಂದ ಎಷ್ಟು ಹಾನಿಯೋ ಅಷ್ಟು ಕರವನ್ನು ಗಿರಣಿಯ ಮೇಲೆ ಹೊರಿಸಿರಿ, ಆಗ ಕಳೆದುಹೋದ ಖರ್ಚು ಸರಿಯಾದ ಪುಸ್ತಕಕ್ಕೆ ಬರುತ್ತದೆ ಎಂಬುದು ಪಿಗೂ ಅವರ ಸಲಹೆ. ನಮ್ಮ ಗಾದೆಯನ್ನೇ ಅವರು ರೂಪಾಯಿ ಆಣೆಗೆ ಇಳಿಸಿದರು ಎನ್ನಬಹುದು.

ಭಾರತವೂ ಇಂತಹದೊಂದು ಕರವನ್ನು ಹಾಕಿ ನೋಡಿತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಸೆಸ್ ಬಂತು; 2016ರ ವೇಳೆಗೆ ಅದು 400 ರೂಪಾಯಿಗೆ ಏರಿತು. ಶುದ್ಧ ಇಂಧನದ ಕೆಲಸಗಳಿಗೆ ನಿಧಿ ಕೂಡಿಸುವುದೇ ಅದರ ಉದ್ದೇಶವಾಗಿತ್ತು. ಆದರೆ 2017ರಲ್ಲಿ ಜಿ.ಎಸ್.ಟಿ. ಜಾರಿಯಾದಾಗ ಅದರ ಜಾಗಕ್ಕೆ ರಾಜ್ಯಗಳ ಆದಾಯ ನಷ್ಟ ತುಂಬಿಕೊಡುವ ಪರಿಹಾರ ಸೆಸ್ ಬಂತು. 2025ರ ಸೆಪ್ಟೆಂಬರಿನಲ್ಲಿ ಅದೂ ಕೊನೆಗೊಂಡು ಸಾಮಾನ್ಯ ತೆರಿಗೆಯ ದರ ಏರಿತು. ಕಲ್ಲಿದ್ದಲು ಸುಡುವವನು ಹಣ ಕೊಟ್ಟನೆಂಬುದು ನಿಜ. ಆ ಹಣ ಗಾಳಿಯನ್ನು ಶುದ್ಧಗೊಳಿಸಲು ಮೀಸಲಾಗಿ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಹುಂಡಿಯ ಮೇಲೆ ಬರೆದ ಹೆಸರೊಂದು, ಹಣ ಸೇರಿದ ಜಾಗ ಇನ್ನೊಂದು.

ಕಾನೂನಿಗೆ ಬರವಿಲ್ಲ

ನಮ್ಮ ದೇಶದಲ್ಲಿ ಕಾನೂನಿಗೆ ಬರವಿದೆ ಎಂದು ಯಾರೂ ಹೇಳಲಾರರು. ಜಲಮಾಲಿನ್ಯ ಕಾಯಿದೆ 1974ರದು, ವಾಯುಮಾಲಿನ್ಯ ಕಾಯಿದೆ 1981ರದು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯೂ ಬಂತು. 1996ರಲ್ಲಿ ತಮಿಳುನಾಡಿನ ವೆಲ್ಲೂರು ಪ್ರದೇಶದ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಕಾರ್ಖಾನೆಗಳ ಕೊಳಚೆ ಪಾಲಾರ್ ನದಿಗೂ ಸುತ್ತಲಿನ ಹೊಲಗಳಿಗೂ ಸೇರಿ ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಬೇಸಾಯಕ್ಕೆ ಬಾರದಂತಾಗಿತ್ತೆಂಬುದು ಕೋರ್ಟಿನ ಮುಂದೆ ಬಂದ ಸಂಗತಿ. ಕೆಡಿಸಿದವನೇ ತೆರಬೇಕು ಎಂಬ ತತ್ವವೂ, ಹಾನಿಯ ಭಯವಿದ್ದಲ್ಲಿ ಪೂರ್ತಿ ಪುರಾವೆಗಾಗಿ ಕಾಯದೆ ಮುಂಜಾಗ್ರತೆ ವಹಿಸಬೇಕು ಎಂಬ ತತ್ವವೂ ಈ ನೆಲದ ಕಾನೂನಿನ ಭಾಗವೇ ಎಂದು ನ್ಯಾಯಾಲಯ ಸಾರಿತು.

ತತ್ವ ಸರಿಯಾಗಿದೆ. ಆಚರಣೆಯಲ್ಲಿ ಎಡವಿದ್ದೆಲ್ಲಿ?

ಮೊದಲನೆಯದು ಶಿಕ್ಷೆಯ ವಿಚಾರ. 1986ರ ಕಾಯಿದೆಯಲ್ಲಿ ತಪ್ಪಿತಸ್ಥನಿಗೆ ಐದು ವರ್ಷಗಳ ತನಕ ಸೆರೆ, ಒಂದು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ ಎಂದಿತ್ತು. ಕೇಳಲು ಕಠಿಣ. ಆದರೆ ಕ್ರಿಮಿನಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಿ ರುಜುವಾತು ಮಾಡುವುದೆಂದರೆ ವರ್ಷಗಟ್ಟಲೆಯ ಕೆಲಸ. ಇನ್ನೊಂದು ದಾರಿ ಕಾರ್ಖಾನೆಯನ್ನೇ ಮುಚ್ಚಿಸುವುದು. ಮುಚ್ಚಿದರೆ ನೂರಾರು ಕಾರ್ಮಿಕರ ಮನೆಯ ಒಲೆ ಆರುತ್ತದೆ ಎಂಬ ಕೂಗು ಏಳುತ್ತದೆ. ಹೀಗೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಲು ಅಧಿಕಾರಿ ಹಿಂಜರಿಯುತ್ತಾನೆ. ಗುಬ್ಬಿ ಕಾಳು ತಿನ್ನುತ್ತಲೇ ಇರುತ್ತದೆ. ಎಷ್ಟು ತಪ್ಪೋ ಅಷ್ಟು ದಂಡ, ತಪ್ಪಿದ ಕೂಡಲೇ ದಂಡ ಎಂಬ ವ್ಯವಸ್ಥೆ ಇರಲಿಲ್ಲ. 2023ರಲ್ಲಿ ಜನ ವಿಶ್ವಾಸ ಕಾಯಿದೆಯ ಮೂಲಕ ಇದನ್ನು ಬದಲಿಸಿ, ಸೆರೆವಾಸದ ಬದಲು 10,000 ರೂಪಾಯಿಯಿಂದ 15 ಲಕ್ಷ ರೂಪಾಯಿ ತನಕ ಹಣದ ದಂಡ ವಿಧಿಸುವ ಕ್ರಮ ತರಲಾಯಿತು. ಇದರಿಂದ ದಂಡ ಬೇಗನೆ ಬೀಳಬಹುದು. ಆದರೆ ಶುದ್ಧೀಕರಣ ಘಟಕ ನಡೆಸುವ ಖರ್ಚಿಗಿಂತ ದಂಡವೇ ಅಗ್ಗವಾದರೆ ಯಜಮಾನನು ದಂಡವನ್ನು ಬಾಡಿಗೆಯಂತೆ ಕಟ್ಟಿ ಸುಮ್ಮನಿರುತ್ತಾನೆ. ದಂಡದ ಮೊತ್ತವನ್ನು ನಿಗದಿಪಡಿಸುವಾಗ ಈ ಲೆಕ್ಕ ತಪ್ಪಬಾರದು.

ಎರಡನೆಯದು ತಪಾಸಣೆಯ ವಿಚಾರ. ಇನ್ನಷ್ಟು ಇನ್ಸ್‌ಪೆಕ್ಟರುಗಳನ್ನು ಕಳುಹಿಸಿದರೆ ಎಲ್ಲ ಸರಿಹೋದೀತು ಎಂದು ನಾವೆಲ್ಲ ತಿಳಿಯುತ್ತೇವೆ. ಗುಜರಾತಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಚೀಟಿ ಎತ್ತಿ ಆರಿಸಿದ ಕೆಲವು ಕಾರ್ಖಾನೆಗಳಿಗೆ ತಪಾಸಣೆಯನ್ನು ಸುಮಾರು ಇಮ್ಮಡಿ ಮಾಡಲಾಯಿತು. ನೋಟೀಸುಗಳು ಹೆಚ್ಚಿದವು, ಹೊಗೆ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ತೀರಾ ಕೆಟ್ಟ ಕಾರ್ಖಾನೆ ಯಾವುದೆಂದು ಅಧಿಕಾರಿಗಳಿಗೆ ಮೊದಲೇ ಗೊತ್ತಿತ್ತು, ಅಲ್ಲಿಗೆ ಅವರು ಮೊದಲೇ ಹೋಗುತ್ತಿದ್ದರು. ಚೀಟಿಯ ಮೂಲಕ ಹೆಚ್ಚಾದ ಭೇಟಿಗಳು ಉಳಿದವರ ಬಾಗಿಲಿಗೆ ಬಿದ್ದವು. ಜನ ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಕೆಲಸದ ಕ್ರಮ ಬದಲಾಗಬೇಕು ಎಂಬುದೇ ಇದರ ಪಾಠ.

ಅಳೆಯುವವನ ಸಂಬಳ

ಅದೇ ಗುಜರಾತಿನ ಇನ್ನೊಂದು ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. 1996ರಲ್ಲಿ ಅಲ್ಲಿಯ ಹೈಕೋರ್ಟಿನ ಆದೇಶದಂತೆ ಮಾಲಿನ್ಯದ ಭಯ ಹೆಚ್ಚಿರುವ ಕಾರ್ಖಾನೆಗಳು ಪ್ರತಿವರ್ಷ ಹೊರಗಿನ ಪರಿಶೋಧಕರಿಂದ ತಮ್ಮ ಹೊಗೆ, ನೀರುಗಳನ್ನು ಅಳೆಸಿ ಮಂಡಳಿಗೆ ವರದಿ ಕೊಡಬೇಕಾಗಿತ್ತು. ಪರಿಶೋಧಕನನ್ನು ಗೊತ್ತುಮಾಡುವವನು ಕಾರ್ಖಾನೆಯ ಯಜಮಾನ. ಸಂಬಳ ಕೊಡುವವನೂ ಅವನೇ. ಮುಂದಿನ ವರ್ಷ ಕರೆಯಬೇಕೇ ಬೇಡವೇ ಎಂದು ನಿರ್ಧರಿಸುವವನೂ ಅವನೇ. ಹೀಗಿರುವಾಗ ವರದಿ ಹೇಗಿದ್ದೀತು ಎಂದು ನಾವು ಹೇಳಬೇಕಾಗಿಲ್ಲ. ತಕ್ಕಡಿ ಹಿಡಿದವನಿಗೆ ವ್ಯಾಪಾರಿಯೇ ಕೂಲಿ ಕೊಟ್ಟರೆ ತೂಕ ಎತ್ತ ವಾಲುತ್ತದೆಂದು ಸಂತೆಗೆ ಹೋಗುವ ಮಕ್ಕಳಿಗೂ ಗೊತ್ತು.

ಎಸ್ತರ್ ದುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯನ್ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ 2009ರಿಂದ 2011ರ ತನಕ ಅಹಮದಾಬಾದ್ ಮತ್ತು ಸೂರತ್ ಪ್ರದೇಶದ 473 ಕಾರ್ಖಾನೆಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಸುಮಾರು ಅರ್ಧದಷ್ಟನ್ನು ಹಳೆಯ ಕ್ರಮದಲ್ಲಿಯೇ ಬಿಟ್ಟರು. ಉಳಿದ ಅರ್ಧದಲ್ಲಿ ಮೂರು ಬದಲಾವಣೆ ಮಾಡಿದರು. ಒಂದು, ಯಾವ ಕಾರ್ಖಾನೆಗೆ ಯಾವ ಪರಿಶೋಧಕ ಎಂಬುದು ಚೀಟಿಯಿಂದ ತೀರ್ಮಾನ. ಎರಡು, ಯಜಮಾನನ ಕೈಯಿಂದಲ್ಲದೆ ಸಾಮಾನ್ಯ ನಿಧಿಯಿಂದ ನಿಗದಿಯಾದ ಸಂಬಳ. ಮೂರು, ಪರಿಶೋಧಕ ಅಳೆದು ಹೋದ ಕೆಲವು ಕಡೆ ಬೇರೆಯವರು ಹೋಗಿ ಮತ್ತೊಮ್ಮೆ ಅಳೆಯುವುದು. ಎರಡನೆಯ ವರ್ಷ ನಿಖರವಾಗಿ ಅಳೆದವನಿಗೆ ಹೆಚ್ಚು ಸಂಬಳ.

ಫಲಿತಾಂಶ ಕಣ್ಣು ತೆರೆಸುವಂತಿತ್ತು. ಹಳೆಯ ಕ್ರಮದ ಪರಿಶೋಧಕರ ವರದಿಯಂತೆ ಧೂಳುಕಣದ ಮಿತಿಯನ್ನು ಮೀರಿದ ಕಾರ್ಖಾನೆಗಳು ನೂರಕ್ಕೆ 7 ಮಾತ್ರ. ಅವೇ ಕಾರ್ಖಾನೆಗಳಲ್ಲಿ ಬೇರೆಯವರು ಅಳೆದಾಗ ಮೀರಿದವು ನೂರಕ್ಕೆ 59! ವರದಿಯ ಅಂಕಿಗಳೆಲ್ಲ ಮಿತಿಯ ಗೆರೆಯ ಸ್ವಲ್ಪವೇ ಕೆಳಗೆ, ಸಾಲಾಗಿ ಕೂತ ಕೊಕ್ಕರೆಗಳಂತೆ ಕೂತಿದ್ದವು. ಹೊಸ ಕ್ರಮದಲ್ಲಿ ಸುಳ್ಳು ಹೇಳಿ ತೇರ್ಗಡೆ ಮಾಡುವುದು ನೂರಕ್ಕೆ 80ರಷ್ಟು ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಿಜ ಹೊರಬೀಳುತ್ತದೆಂದು ಗೊತ್ತಾದೊಡನೆ ಕಾರ್ಖಾನೆಗಳು ಹೊಗೆಯನ್ನೂ ಇಳಿಸಿದವು. ಹೊಸ ಕಾಯಿದೆ ಬರಲಿಲ್ಲ, ಹೊಸ ದಂಡ ಬರಲಿಲ್ಲ. ಅಳೆಯುವವನಿಗೆ ಸಂಬಳ ಕೊಡುವ ಕೈ ಬದಲಾಯಿತು, ಅಷ್ಟೇ. 2015ರಲ್ಲಿ ಗುಜರಾತ್ ಸರಕಾರವು ಪರಿಶೋಧಕರನ್ನು ಚೀಟಿಯ ಕ್ರಮದಿಂದಲೇ ಗೊತ್ತುಮಾಡುವ ನಿಯಮ ಮಾಡಿತು.

ಪರಿಶೋಧಕರೆಲ್ಲ ಕೆಟ್ಟವರೆಂದು ಇದರಿಂದ ತಿಳಿಯಬಾರದು. ಹಳೆಯ ಕ್ರಮದಲ್ಲಿ ನಿಜ ಹೇಳಿದವನಿಗೆ ಮರುವರ್ಷ ಕೆಲಸವಿಲ್ಲ. ಹೊಸ ಕ್ರಮದಲ್ಲಿ ಸುಳ್ಳು ಹೇಳಿದವನಿಗೆ ಕೆಲಸವಿಲ್ಲ. ಮನುಷ್ಯರು ಬದಲಾಗಲಿಲ್ಲ, ಅವರನ್ನು ನಿಲ್ಲಿಸಿದ ಜಾಗ ಬದಲಾಯಿತು. ಒಳ್ಳೆಯ ನಿಯಮದ ಲಕ್ಷಣವೇ ಇದು: ಸಾಮಾನ್ಯ ಮನುಷ್ಯನೂ ಪ್ರಾಮಾಣಿಕನಾಗಿ ಬದುಕಲು ಅದು ಅನುಕೂಲ ಮಾಡಿಕೊಡುತ್ತದೆ.

ಸೂರತ್ತಿನಲ್ಲಿ ಹೊಗೆಯ ಸಂತೆ

ಅಳತೆ ನಂಬಿಕೆಗೆ ಅರ್ಹವಾದ ಮೇಲೆ ಮುಂದಿನ ಹೆಜ್ಜೆ ಇಡಲು ಸಾಧ್ಯವಾಯಿತು. 2019ರಲ್ಲಿ ಸೂರತ್ ನಗರದಲ್ಲಿ ಧೂಳುಕಣಗಳನ್ನು ಕುರಿತ ಒಂದು ಮಾರುಕಟ್ಟೆ ಆರಂಭವಾಯಿತು. ಹೊಗೆಯನ್ನು ಕೊಳ್ಳುವ ಮಾರುವ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಆದ್ದರಿಂದ ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇವೆ.

ಎರಡು ಗಿರಣಿಗಳಿವೆ ಎನ್ನೋಣ. ಒಂದೊಂದೂ ದಿನಕ್ಕೆ 100 ಕಿಲೊ ಧೂಳು ಬಿಡುತ್ತದೆ. ಊರಿನ ಆರೋಗ್ಯಕ್ಕಾಗಿ ಒಟ್ಟು 60 ಕಿಲೊ ಕಡಿಮೆಯಾಗಬೇಕು. ಮೊದಲನೆಯ ಗಿರಣಿಗೆ ಒಂದು ಕಿಲೊ ತಗ್ಗಿಸಲು 10 ರೂಪಾಯಿ ಖರ್ಚು. ಎರಡನೆಯದರ ಯಂತ್ರ ಹಳೆಯದು, ಅದಕ್ಕೆ 40 ರೂಪಾಯಿ ಖರ್ಚು. ಇಬ್ಬರೂ ಸಮನಾಗಿ 30 ಕಿಲೊ ತಗ್ಗಿಸಬೇಕೆಂದು ಆಜ್ಞೆ ಮಾಡಿದರೆ ಒಬ್ಬನಿಗೆ 300, ಇನ್ನೊಬ್ಬನಿಗೆ 1,200, ಕೂಡಿಸಿ 1,500 ರೂಪಾಯಿ. ಅದರ ಬದಲು ಇಬ್ಬರಿಗೂ 70 ಕಿಲೊವಿನ ಪರವಾನಿಗೆ ಕೊಟ್ಟು, ಬೇಕಾದರೆ ಒಬ್ಬರಿಗೊಬ್ಬರು ಮಾರಿಕೊಳ್ಳಿ ಎಂದು ಬಿಟ್ಟರೆ? ಮೊದಲನೆಯವನು 60 ಕಿಲೊ ತಾನೇ ತಗ್ಗಿಸುತ್ತಾನೆ, ತನಗೆ ಉಳಿದ 30 ಕಿಲೊವಿನ ಪರವಾನಿಗೆಯನ್ನು ಕಿಲೊಗೆ 25 ರೂಪಾಯಿಯಂತೆ ಎರಡನೆಯವನಿಗೆ ಮಾರುತ್ತಾನೆ. ಎರಡನೆಯವನು 1,200ರ ಬದಲು 750 ಕೊಟ್ಟು ಪಾರಾಗುತ್ತಾನೆ. ಮೊದಲನೆಯವನಿಗೂ ಖರ್ಚು ಕಳೆದು ಲಾಭ. ಧೂಳು ತಗ್ಗಿದ್ದು ಅದೇ 60 ಕಿಲೊ, ಒಟ್ಟು ಖರ್ಚು ಮಾತ್ರ 600 ರೂಪಾಯಿ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಈ ಉಪಾಯವನ್ನು ಕೆನಡಾದ ಜೆ. ಎಚ್. ಡೇಲ್ಸ್ ಎಂಬ ಅರ್ಥಶಾಸ್ತ್ರಜ್ಞರು 1968ರಲ್ಲಿಯೇ ವಿವರಿಸಿದ್ದರು. ಅಮೆರಿಕವು 1990ರ ಕಾಯಿದೆಯ ಮೂಲಕ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಇದನ್ನು ಅನ್ವಯಿಸಿತು; 1995ರಲ್ಲಿ ಅದು ಜಾರಿಗೆ ಬಂತು. ಕೆರೆ ಕಾಡುಗಳನ್ನು ಕೆಡಿಸುತ್ತಿದ್ದ ಆಮ್ಲಮಳೆಯನ್ನು ತಗ್ಗಿಸಲು ಹಾಕಿಕೊಂಡ ಗುರಿ, ಮೊದಲು ಅಂದಾಜು ಮಾಡಿದುದಕ್ಕಿಂತ ಕಡಿಮೆ ಖರ್ಚಿನಲ್ಲಿ ಈಡೇರಿತು. ಅಲ್ಲಿಯೂ ಪ್ರತಿಯೊಂದು ದೊಡ್ಡ ಚಿಮಿಣಿಗೆ ಎಡೆಬಿಡದೆ ಅಳೆಯುವ ಯಂತ್ರ ಕಡ್ಡಾಯವಾಗಿತ್ತೆಂಬುದನ್ನು ಮರೆಯಬಾರದು.

ಸೂರತ್ತಿನಲ್ಲಿ ಪ್ರಯೋಗಕ್ಕೆ ಸೇರಿದ್ದು 317 ಕಾರ್ಖಾನೆಗಳು. ಅವುಗಳಲ್ಲಿ ಹೆಚ್ಚಿನವು ಬಾಯ್ಲರಿಗೆ ಕಲ್ಲಿದ್ದಲು ಉರಿಸಿ ಬಟ್ಟೆಗೆ ಬಣ್ಣ ಹಾಕುವಂಥವು. ಎಲ್ಲಕ್ಕೂ ಚಿಮಿಣಿಯಲ್ಲಿ ಅಳತೆಯ ಯಂತ್ರ ಕೂರಿಸಿದರು. ಚೀಟಿ ಎತ್ತಿ 162ನ್ನು ಮಾರುಕಟ್ಟೆಗೆ ಸೇರಿಸಿದರು, ಉಳಿದವು ಹಳೆಯ ಕಾನೂನಿನ ಕೆಳಗೇ ಉಳಿದವು. ಸೇರಿದವರೆಲ್ಲ ಕೂಡಿ ತಿಂಗಳಿಗೆ ಇಷ್ಟೇ ಟನ್ನು ಧೂಳು ಬಿಡಬಹುದೆಂದು ಮೇಲ್ಮಿತಿ. ಆರಂಭದಲ್ಲಿ ಅದು 280 ಟನ್. ಹಂತಹಂತವಾಗಿ 170 ಟನ್ನಿಗೆ ಇಳಿಸಲಾಯಿತು. ಪ್ರತಿ ಕಾರ್ಖಾನೆಯಿಂದ ಮುಂಗಡ ಠೇವಣಿ ಪಡೆದು, ಪರವಾನಿಗೆಗಿಂತ ಹೆಚ್ಚು ಬಿಟ್ಟವನ ಠೇವಣಿಯಿಂದಲೇ ದಂಡ ಕಡಿದುಕೊಳ್ಳುವ ವ್ಯವಸ್ಥೆ ಇತ್ತು. ಕೋರ್ಟು ಕಚೇರಿಗಳ ಅಲೆದಾಟವಿಲ್ಲ. ಪರವಾನಿಗೆ ಕೊಳ್ಳುವುದಕ್ಕಿಂತ ದಂಡ ಕಟ್ಟುವುದು ದುಬಾರಿ.

ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ಧೂಳು ನೂರಕ್ಕೆ 20ರಿಂದ 30ರಷ್ಟು ಇಳಿಯಿತು. ಹಳೆಯ ಕ್ರಮದಲ್ಲಿ ಉಳಿದವರಲ್ಲಿ ಸುಮಾರು ಮೂರರಲ್ಲೊಬ್ಬರು ಮಿತಿ ಮೀರುತ್ತಿದ್ದಾಗ, ಮಾರುಕಟ್ಟೆಯಲ್ಲಿ ನೂರಕ್ಕೆ 99ರಷ್ಟು ಪಾಲನೆ ಕಂಡುಬಂತು. ಅಷ್ಟೇ ಧೂಳನ್ನು ಹಳೆಯ ಕ್ರಮದಲ್ಲಿ ತಗ್ಗಿಸುವುದಕ್ಕೆ ಹೋಲಿಸಿದರೆ ಖರ್ಚು ನೂರಕ್ಕೆ 11ರಿಂದ 14ರಷ್ಟು ಕಡಿಮೆ. ಅನಂತರ ಈ ಪದ್ಧತಿಯನ್ನು ಅಹಮದಾಬಾದಿಗೂ ವಿಸ್ತರಿಸಲಾಯಿತು. ಬಡ ದೇಶಗಳಲ್ಲಿ ಇಂತಹ ಸೂಕ್ಷ್ಮ ವ್ಯವಸ್ಥೆ ನಡೆಯದು ಎಂಬ ಮಾತಿಗೆ ಇದೊಂದು ಜವಾಬು.

ಸಂತೆಯಲ್ಲಿ ಮಾರಬಾರದ ವಸ್ತು

ಹಾಗಾದರೆ ಎಲ್ಲ ವಿಷಕ್ಕೂ ದರ ಕಟ್ಟಿ ಸಂತೆಗಿಟ್ಟರೆ ಆಯಿತೇ? ಇಲ್ಲಿ ನಾವು ಎಚ್ಚರದಿಂದ ಹೆಜ್ಜೆ ಇಡಬೇಕು. ಪರವಾನಿಗೆ ಕೊಂಡ ಎರಡನೆಯ ಗಿರಣಿಯ ಪಕ್ಕದಲ್ಲಿ ವಾಸಿಸುವವನಿಗೆ ಧೂಳು ಒಂದಿಷ್ಟೂ ಕಡಿಮೆಯಾಗಲಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಇಡೀ ಊರಿನ ಗಾಳಿಯಲ್ಲಿ ಬೆರೆಯುವ ಹೊಗೆಗೆ ಸಲ್ಲುವ ನ್ಯಾಯ, ಬಿದ್ದಲ್ಲೇ ಉಳಿಯುವ ವಿಷಕ್ಕೆ ಸಲ್ಲದು. 1974ರಲ್ಲಿ ಮಾರ್ಟಿನ್ ವೈಟ್ಸ್‌ಮನ್ ಎಂಬವರು ತೋರಿಸಿಕೊಟ್ಟಂತೆ, ಸ್ವಲ್ಪ ಹೆಚ್ಚಾದರೂ ಹಾನಿ ವಿಪರೀತವಾಗಿ ಏರುವ ಕಡೆಗಳಲ್ಲಿ ದರ ಕಟ್ಟಿ ಕಾಯುವುದಕ್ಕಿಂತ ಗಟ್ಟಿಯಾದ ಮಿತಿಯೇ ಮೇಲು. ಕೆಲವು ವಸ್ತುಗಳಿಗೆ ಆ ಮಿತಿ ಸೊನ್ನೆಯೇ ಆಗಬೇಕು.

ಎಂಡೋಸಲ್ಫಾನಿನ ಕಥೆಯನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅದನ್ನು ಲೆಕ್ಕದ ದೃಷ್ಟಿಯಿಂದ ಒಮ್ಮೆ ನೋಡೋಣ. ಗೇರಿನ ಟೀ ಸೊಳ್ಳೆಯನ್ನು ಕೊಲ್ಲಲು ಈ ಜಿಲ್ಲೆಯ ಸುಮಾರು 4,600 ಹೆಕ್ಟೇರ್ ಸರಕಾರಿ ನಿಗಮದ ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದ ತನಕ ಹೆಲಿಕಾಪ್ಟರಿನಿಂದ ಸಿಂಪಡಣೆ ನಡೆಯಿತು. ಕೈಯಲ್ಲಿ ಸಿಂಪಡಿಸುವುದಕ್ಕಿಂತ ಆಕಾಶದಿಂದ ಸುರಿಯುವುದು ಸುಲಭ. ಎಷ್ಟು ಗೇರುಬೀಜ, ಎಷ್ಟು ಔಷಧ, ಎಷ್ಟು ಬಾಡಿಗೆ ಎಂಬ ಲೆಕ್ಕ ನಿಗಮದ ಪುಸ್ತಕದಲ್ಲಿತ್ತು. ಗುಡ್ಡೆಯ ಬುಡದ ಸುರಂಗದ ನೀರು, ತೆರೆದ ಬಾವಿ, ತೋಡಿನ ಮೀನು, ಜೇನು, ಹಟ್ಟಿಯ ಕರು, ತೊಟ್ಟಿಲ ಮಗು ಇವುಗಳಿಗೆ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಆ ಕಾಲಂ ಬರೆದವರು ಇಲ್ಲಿಯ ಜನರೇ. ಎಣ್ಮಕಜೆ ಪಂಚಾಯತಿನ ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ಪ್ರದೇಶದಲ್ಲಿ ರೋಗಗಳು ಗುಂಪುಗೂಡುತ್ತಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿಯಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಆ ಬಳಿಕ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಲು ನಿರ್ಧರಿಸಿದವು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು.

ಪರಿಹಾರದ ಲೆಕ್ಕ ನೋಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿದ್ದು 2010ರ ಡಿಸೆಂಬರ್ 31ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯ ಸರಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಮಂದಿಯಲ್ಲಿ ಆ ಹಣ ಮುಟ್ಟಿದ್ದು ಎಂಟು ಮಂದಿಗೆ! ಕೋರ್ಟು ತರಾಟೆಗೆ ತೆಗೆದುಕೊಂಡ ಬಳಿಕವೇ ವಿತರಣೆಗೆ ವೇಗ ಬಂತು. ಕೀಟನಾಶಕ ತಯಾರಿಸಿದವರಿಂದ ವಸೂಲು ಮಾಡುವ ಸ್ವಾತಂತ್ರ್ಯ ಸರಕಾರಕ್ಕೆ ಇತ್ತೆಂಬುದು ನಿಜ. ಆದರೆ ಕೊಡುವ ಹೊಣೆ ಮೊದಲು ಬಿದ್ದದ್ದು ರಾಜ್ಯದ ಬೊಕ್ಕಸದ ಮೇಲೆ. ಬೊಕ್ಕಸವೆಂದರೆ ನಾವು ನೀವು ಕೊಟ್ಟ ತೆರಿಗೆಯಲ್ಲದೆ ಮತ್ತೇನು? ಮಾಡಿದವನು ಒಬ್ಬ, ಉಂಡವರು ಸಂತ್ರಸ್ತರು, ಬಡಿಸಿದ ಬಾಳೆಯ ಖರ್ಚು ಊರಿನವರದು.

ಸಿಂಪಡಣೆಗೂ ರೋಗಗಳಿಗೂ ಇರುವ ನಂಟಿನ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿವಾದ ನಡೆದುದುಂಟು. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಸಂಶಯವಿರುವಾಗ ರುಜುವಾತು ಮಾಡುವ ಭಾರ ಯಾರ ಹೆಗಲಿಗೆ? ವಿಷದಿಂದ ಹಾನಿಯಾಯಿತೆಂದು ಮಗುವಿನ ತಾಯಿ ತೋರಿಸಬೇಕೇ, ಹಾನಿಯಿಲ್ಲವೆಂದು ಸುರಿಯುವವನು ತೋರಿಸಬೇಕೇ? ತಾಯಿಯ ಮೇಲೆ ಆ ಭಾರ ಹೊರಿಸಿದ ನಿಯಮದಲ್ಲಿ ಸಂಶಯದ ಲಾಭವೆಲ್ಲ ವಿಷಕ್ಕೇ ಸಿಗುತ್ತದೆ, ವರ್ಷಗಳು ಉರುಳುತ್ತವೆ. ಐದು ಲಕ್ಷ ಕೊಟ್ಟರೆ ಹಾಸಿಗೆ ಹಿಡಿದ ಮಗ ಎದ್ದು ನಡೆಯುವುದಿಲ್ಲ. ಹಿಂದಿರುಗಿಸಲಾಗದ ಹಾನಿಗೆ ಅನಂತರದ ಪರಿಹಾರ ಎಂದಿಗೂ ಸಾಟಿಯಲ್ಲ. ಮುಂಜಾಗ್ರತೆಯ ತತ್ವ ಹುಟ್ಟಿದ್ದು ಇದಕ್ಕಾಗಿಯೇ.

ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ಇಷ್ಟೆಲ್ಲ ಹೇಳಿದ್ದು ದೂರದ ಸೂರತ್ತಿನ ಸುದ್ದಿ ಓದಿ ಮರೆಯುವುದಕ್ಕಲ್ಲ. ನಮ್ಮ ಗ್ರಾಮದಲ್ಲಿ ನಾಳೆ ಕಲ್ಲಿನ ಕೋರೆಯೋ, ಕಾರ್ಖಾನೆಯೋ, ಕಸದ ಘಟಕವೋ ಬರುವುದಾದರೆ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಧೂಳು, ನೀರು, ಶಬ್ದಗಳನ್ನು ಅಳೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಅಳತೆಯ ಅಂಕಿಗಳನ್ನು ಪಂಚಾಯತಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆಯೇ? ತಪ್ಪಿದರೆ ತೆರಬೇಕಾದ ಹಣ ಮುಂಗಡವಾಗಿ ಠೇವಣಿಯಲ್ಲಿದೆಯೇ? ಸರಿಪಡಿಸಲಾಗದ ಹಾನಿಯ ಭಯವಿದ್ದರೆ ನಿಲ್ಲಿಸುವ ಅಧಿಕಾರ ಯಾರಿಗಿದೆ? ಬೇಡ ಎಂದು ಕೂಗುವುದಕ್ಕಿಂತಲೂ ಈ ನಾಲ್ಕಕ್ಕೆ ಲಿಖಿತ ಉತ್ತರ ಕೇಳುವುದು ಹೆಚ್ಚು ಫಲಕಾರಿ.

ಕೇಳುವುದು ಯಾವ ಭಾಷೆಯಲ್ಲಿ? ಗಡಿನಾಡಿನ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಗಳ ಮುನ್ನ ಸ್ಥಳದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಯೋಜನೆಯ ಸಾರಾಂಶ ಜನರ ಕೈಗೆ ಸಿಗಬೇಕು. ಓದಲಾಗದ ಸಾರಾಂಶ ಸಿಕ್ಕಿದರೂ ಒಂದೇ, ಸಿಗದಿದ್ದರೂ ಒಂದೇ. ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಬಾವಿಯ ಭವಿಷ್ಯವನ್ನು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಮಾತ್ರ ಬರೆದಿಟ್ಟರೆ ಆ ಸಭೆಯಲ್ಲಿ ಅವಳು ಕೂತಿದ್ದೂ ಇಲ್ಲದಂತೆಯೇ. ಕನ್ನಡದಲ್ಲಿಯೂ ಸಾರಾಂಶ ಬೇಕೆಂದು ಸಭೆಗೆ ಮೊದಲೇ ಬೇಡಿಕೆಯಿಡುವುದು ಭಾಷಾಭಿಮಾನದ ಪ್ರದರ್ಶನವಲ್ಲ, ಬಾವಿಯ ರಕ್ಷಣೆ.

ಇದಕ್ಕೆ ಸಂವಿಧಾನದ ಬಲವೂ ಇದೆ. ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಬಗ್ಗೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು 350ನೆಯ ವಿಧಿ ಹೇಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಕನ್ನಡದಲ್ಲಿ ದೂರು ಬರೆಯಬಹುದು. ದಿನಾಂಕ, ಸ್ಥಳ, ನೀರಿನ ಬಣ್ಣ, ಎಷ್ಟು ಮನೆ, ಎಷ್ಟು ಬಾವಿ ಎಂದು ಸ್ಪಷ್ಟವಾಗಿ ಬರೆದು, ಸಲ್ಲಿಸಿದ್ದಕ್ಕೆ ರಶೀದಿ ಪಡೆದು, ಪ್ರತಿಯೊಂದನ್ನು ಮನೆಯಲ್ಲಿರಿಸಿಕೊಳ್ಳಬೇಕು. ವಾಣೀನಗರದ ವೈದ್ಯರ ಟಿಪ್ಪಣಿಗಳೂ ಹೊಸದುರ್ಗದ ಕೋರ್ಟಿನ ಅರ್ಜಿಯೂ ಹೀಗೆ ಬರೆದಿಟ್ಟ ಕಾಗದಗಳೇ ಆಗಿದ್ದವು.

ಹೊಗೆಯ ಲೆಕ್ಕವನ್ನು ಸರಿಯಾದ ಖಾತೆಗೆ ಸೇರಿಸುವ ಕೆಲಸ ಅರ್ಥಶಾಸ್ತ್ರಜ್ಞರಿಂದ ಆರಂಭವಾಗಬಹುದು, ಶಾಸನಸಭೆಯಲ್ಲಿ ನಿಯಮವಾಗಬಹುದು, ನ್ಯಾಯಾಲಯದಲ್ಲಿ ಗೆಲ್ಲಬಹುದು. ಆದರೆ ಖರ್ಚಿನ ಮೊದಲ ಸಾಲನ್ನು ಬರೆಯಬಲ್ಲವರು ಬಾವಿಯ ನೀರು ಕುಡಿಯುವವರೇ. ಆ ಸಾಲು ಕನ್ನಡದಲ್ಲಿದ್ದರೂ ಲೆಕ್ಕಕ್ಕೆ ಸೇರಲೇಬೇಕು.